ಮೂಲೆಗೆ ಸರಿದ ಕುದುರೆ

ಇಡೀ ಆಟಕ್ಕೆ ಇಬ್ಬರ ಕೈಯಲ್ಲೂ ಇದ್ದದ್ದು ಐದೈದು ನಿಮಿಷ. ಇಪ್ಪತ್ನಾಲ್ಕನೆಯ ನಡೆಯಲ್ಲಿ ಅಮೆರಿಕದ ಚದುರಂಗ ಆಟಗಾರ ಬಾಬಿ ಫಿಶರ್ ತನ್ನ ಕುದುರೆಯನ್ನು ಎತ್ತಿ ಹಲಗೆಯ ಮೂಲೆಮನೆಯಲ್ಲಿ ಇಟ್ಟ. ದಂಡೆಲ್ಲ ಎದುರಾಳಿಯ ಕೋಟೆಬಾಗಿಲವರೆಗೆ ಹೋಗಿ ನಿಂತಿರುವಾಗ ಒಬ್ಬ ಸವಾರ ಮಾತ್ರ ಕುದುರೆ ತಿರುಗಿಸಿಕೊಂಡು ಹಿತ್ತಿಲಿಗೆ ಹೋದ ಹಾಗಿತ್ತು ಆ ನಡೆ.

ಚದುರಂಗ ಕಲಿಯಲು ಕೂತ ಮಗುವಿಗೆ ಮೊದಮೊದಲು ಹೇಳಿಕೊಡುವ ಬುದ್ಧಿಮಾತುಗಳಲ್ಲಿ ಒಂದು: ಕುದುರೆಯನ್ನು ಅಂಚಿಗೆ ಒಯ್ಯಬೇಡ. ನಡುಹಲಗೆಯಲ್ಲಿ ನಿಂತ ಕುದುರೆ ಎಂಟು ಮನೆಗಳಿಗೆ ಹಾರಬಲ್ಲದು. ಮೂಲೆಯಲ್ಲಿ ನಿಂತರೆ ಎರಡೇ. ಇದು ಫಿಶರ್‌ಗೆ ಗೊತ್ತಿಲ್ಲದ ಸಂಗತಿಯೇ? ಗೊತ್ತಿದ್ದೂ ಇಟ್ಟ, ಅದೂ ಯೋಚನೆಗೆ ಪುರುಸೊತ್ತೇ ಇಲ್ಲದ ಆಟದಲ್ಲಿ. ಅಲ್ಲಿಂದ ಏಳನೆಯ ನಡೆಗೆ ಎದುರಿಗೆ ಕೂತಿದ್ದ ಸೋವಿಯತ್ ಆಟಗಾರ ವಿಕ್ಟರ್ ಕೊರ್ಚ್‌ನಾಯ್ ಸೋಲೊಪ್ಪಿಕೊಂಡ.

ಈ ಆಟವನ್ನು ನಾನು ಹಲಗೆಯ ಮೇಲೆ ಮತ್ತೆ ಮತ್ತೆ ಜೋಡಿಸಿ ನೋಡಿದ್ದೇನೆ. ಈಗ ಅದರ ಬಗ್ಗೆ ಬರೆಯಲು ಕಾರಣವಿದೆ. ನಮ್ಮೂರಿನ ಶಾಲೆಯೊಂದರ ಸಭಾಂಗಣದಲ್ಲಿ ಭಾನುವಾರ ನಡೆಯುವ ಚೆಸ್ ಟೂರ್ನಿಗಳಿಗೆ ಹೋದಾಗಲೆಲ್ಲ, ಹೊರಗೆ ಜಗುಲಿಯ ಮೇಲೆ ತಿಂಡಿ ಡಬ್ಬಿ ಹಿಡಿದು ಕಾಯುವ ಅಪ್ಪ ಅಮ್ಮಂದಿರು ನನ್ನ ಮುಂದಿಡುವ ಪ್ರಶ್ನೆ ಒಂದೇ: “ನಮ್ಮ ಹುಡುಗ ಮೊಬೈಲಿನಲ್ಲಿ ಮೂರು ನಿಮಿಷದ ಆಟ ಬಿಟ್ಟು ಬೇರೇನೂ ಆಡೋದಿಲ್ಲ ಸಾರ್. ಇದರಿಂದ ಆಟ ಸುಧಾರಿಸುತ್ತಾ, ಕೆಡುತ್ತಾ?” ಒಂದು ಮಾತಿನಲ್ಲಿ ಹೇಳಿ ಮುಗಿಸುವ ಪ್ರಶ್ನೆಯಲ್ಲ ಇದು. ಆ ಕುದುರೆಯ ಜಾಡು ಹಿಡಿದು ಹೋದರೆ ಉತ್ತರ ಸಿಗುತ್ತದೆ ಎಂದು ನನ್ನ ನಂಬಿಕೆ.

ಆ ಆಟ ನಡೆದದ್ದು ಹೆರ್ಟ್ಸೆಗ್ ನೋವಿಯಲ್ಲಿ. ಏಡ್ರಿಯಾಟಿಕ್ ಸಮುದ್ರದ ದಂಡೆಯ ಒಂದು ಪುಟ್ಟ ಊರು ಅದು. ಇವತ್ತು ಮಾಂಟೆನೆಗ್ರೊ ದೇಶಕ್ಕೆ ಸೇರಿದೆ, ಆಗ ಯುಗೊಸ್ಲಾವಿಯಕ್ಕೆ ಸೇರಿತ್ತು. 1970ರ ಮಾರ್ಚ್ ಕೊನೆಯಿಂದ ಏಪ್ರಿಲ್ ಮೊದಲ ವಾರದವರೆಗೆ ಬೆಲ್‌ಗ್ರೇಡ್‌ನಲ್ಲಿ ಸೋವಿಯತ್ ಒಕ್ಕೂಟದ ಹತ್ತು ಹಲಗೆಗೆ ಉಳಿದ ಜಗತ್ತಿನ ಹತ್ತು ಹಲಗೆ ಎದುರಾಗಿತ್ತು. ಸೋವಿಯತ್ ತಂಡ 20.5–19.5ರಿಂದ, ಅಂದರೆ ಒಂದೇ ಅಂಕದ ಅಂತರದಲ್ಲಿ ಗೆದ್ದಿತು. ಆ ಪಂದ್ಯ ಮುಗಿದದ್ದೇ ತಡ, ಹನ್ನೆರಡು ಮಂದಿ ಈ ಕಡಲೂರಿಗೆ ಬಂದು ಬ್ಲಿಟ್ಜ್, ಅಂದರೆ ಐದೈದು ನಿಮಿಷದ ಆಟ, ಆಡಲು ಕೂತರು. ಪ್ರತಿಯೊಬ್ಬರೂ ಉಳಿದ ಹನ್ನೊಂದು ಮಂದಿಯ ಎದುರು ಎರಡೆರಡು ಸಲ ಆಡಬೇಕು, ಒಮ್ಮೆ ಬಿಳಿ, ಒಮ್ಮೆ ಕಪ್ಪು. ತಲಾ 22 ಆಟ.

ಕೂತವರು ಸಾಮಾನ್ಯರಾಗಿರಲಿಲ್ಲ. ಮಿಖಾಯಿಲ್ ತಾಲ್, ಟಿಗ್ರಾನ್ ಪೆಟ್ರೋಸಿಯನ್, ವಾಸಿಲಿ ಸ್ಮಿಸ್ಲೋವ್ ಮೂವರೂ ಮಾಜಿ ವಿಶ್ವ ಚಾಂಪಿಯನ್ನರು. ಡೇವಿಡ್ ಬ್ರಾನ್‌ಸ್ಟೈನ್ 1951ರಲ್ಲಿ ವಿಶ್ವ ಪಟ್ಟದ ಪಂದ್ಯವನ್ನು 12–12ರಲ್ಲಿ ಸಮ ಮಾಡಿಕೊಂಡು ಕೂದಲೆಳೆಯಲ್ಲಿ ಪಟ್ಟ ತಪ್ಪಿಸಿಕೊಂಡವನು. ಕೊರ್ಚ್‌ನಾಯ್‌ಗೆ ಆಗ 39 ವರ್ಷ. ಬಾಲಕನಾಗಿ ಲೆನಿನ್‌ಗ್ರಾಡ್ ಮುತ್ತಿಗೆಯ ಹಸಿವನ್ನು ಉಂಡು ಬದುಕಿ ಬಂದವನು, ಸೋಲುವ ಆಟವನ್ನೂ ಹಲ್ಲುಕಚ್ಚಿ ಎಳೆಯುವವನು. ಫಿಶರ್‌ಗೆ 27. ಅದಕ್ಕೆ ಮುಂಚಿನ ವರ್ಷವಿಡೀ ದೊಡ್ಡ ಟೂರ್ನಿಗಳಿಂದ ದೂರವೇ ಉಳಿದಿದ್ದ. ಬ್ಲಿಟ್ಜ್ ಎಂದರೆ ತಾಲ್, ಇಲ್ಲವೇ ಪೆಟ್ರೋಸಿಯನ್ ಎಂಬುದು ಆಗಿನ ಸಾಮಾನ್ಯ ಅಂದಾಜು.

ಆದದ್ದು ಇಷ್ಟು. ಫಿಶರ್ 22ಕ್ಕೆ 19 ಅಂಕ ಗಳಿಸಿದ. ಹದಿನೇಳು ಗೆಲುವು, ನಾಲ್ಕು ಡ್ರಾ, ಒಂದು ಸೋಲು. ಎರಡನೆಯ ಸ್ಥಾನದ ತಾಲ್‌ಗೆ 14.5, ಮೂರನೆಯ ಕೊರ್ಚ್‌ನಾಯ್‌ಗೆ 14. ತಾಲ್, ಪೆಟ್ರೋಸಿಯನ್, ಸ್ಮಿಸ್ಲೋವ್ ಮೂವರನ್ನೂ ಎರಡೆರಡು ಆಟದಲ್ಲೂ ಸೋಲಿಸಿದ. ಇಡೀ ಟೂರ್ನಿಯಲ್ಲಿ ಅವನನ್ನು ಒಂದು ಆಟದಲ್ಲಾದರೂ ಮಣಿಸಿದವನು ಕೊರ್ಚ್‌ನಾಯ್ ಒಬ್ಬನೇ. ಅದೇ ಕೊರ್ಚ್‌ನಾಯ್ ಎದುರಿನ ಇನ್ನೊಂದು ಆಟವೇ ನಾನು ಹೇಳಹೊರಟಿರುವುದು.

ಅದಕ್ಕೆ ಮೊದಲು ಗಡಿಯಾರದ ಮಾತು. ಬ್ಲಿಟ್ಜ್ ಎಂಬುದು ಜರ್ಮನ್ ಪದ, ಮಿಂಚು ಎಂದರ್ಥ. ಅಂತರರಾಷ್ಟ್ರೀಯ ಚೆಸ್ ಒಕ್ಕೂಟವಾದ ಫಿಡೆಯ ನಿಯಮದ ಪ್ರಕಾರ ಒಬ್ಬ ಆಟಗಾರನಿಗೆ ಇಡೀ ಆಟಕ್ಕೆ ಹತ್ತು ನಿಮಿಷ ಅಥವಾ ಅದಕ್ಕಿಂತ ಕಡಿಮೆ ಸಮಯ ಇದ್ದರೆ ಅದು ಬ್ಲಿಟ್ಜ್. ಹತ್ತನ್ನು ಮೀರಿ ಅರವತ್ತರೊಳಗಿದ್ದರೆ ರ‍್ಯಾಪಿಡ್. ಗಂಟೆಗಟ್ಟಲೆ ನಡೆಯುವುದು ಕ್ಲಾಸಿಕಲ್. ಹತ್ತೊಂಬತ್ತನೆಯ ಶತಮಾನದ ಬಹುಪಾಲು ಕಾಲ ಟೂರ್ನಿಗಳಲ್ಲೂ ಇಂಥ ಗಡಿಯಾರ ಇರಲಿಲ್ಲ. ಎದುರಾಳಿ ನಡೆ ಇಡುವವರೆಗೆ ಕಾಯುತ್ತ ಕೂರುವುದೂ ಆಟದ ಭಾಗವೇ ಆಗಿತ್ತು. ಎರಡು ಮುಖದ ಚೆಸ್ ಗಡಿಯಾರ ಬಳಕೆಗೆ ಬಂದದ್ದು 1883ರ ಲಂಡನ್ ಟೂರ್ನಿಯಲ್ಲಿ.

ಹಳೆಯ ಮುಳ್ಳಿನ ಗಡಿಯಾರ ಕಂಡವರಿಗೆ ಗೊತ್ತು, ಹನ್ನೆರಡರ ಅಂಕಿಯ ಪಕ್ಕ ಒಂದು ಸಣ್ಣ ಬಾವುಟ ನೇತಾಡುತ್ತಿರುತ್ತದೆ. ನಿಮಿಷದ ಮುಳ್ಳು ಹತ್ತಿರ ಬಂದಂತೆ ಅದನ್ನು ಮೆಲ್ಲಗೆ ಮೇಲೆತ್ತುತ್ತದೆ. ಗಂಟೆ ತುಂಬಿದ ಕ್ಷಣ ಕೈಬಿಡುತ್ತದೆ. ಫ್ಲ್ಯಾಗ್ ಬಿತ್ತು ಎಂದರೆ ಆಟ ಹೋಯಿತು. ಹಲಗೆಯ ಮೇಲೆ ನಿಮ್ಮ ಮಂತ್ರಿ, ಎರಡು ಆನೆ ಎಲ್ಲ ಇರಲಿ, ಎದುರಾಳಿಯ ಹತ್ತಿರ ರಾಜನ ಜತೆ ಒಂದೇ ಒಂದು ಕಾಲಾಳು ಉಳಿದಿರಲಿ, ಸೋತವರು ನೀವು. ಅವನಲ್ಲಿ ಬರೀ ರಾಜ ಉಳಿದಿದ್ದರೆ ಡ್ರಾ. ಕಾಯಿ ಸರಿಸಿದ ಕೈಯಿಂದಲೇ ಗಡಿಯಾರ ಒತ್ತಬೇಕು. ಕಾಯಿ ಉರುಳಿಸಿದರೆ ನಿಮ್ಮ ಸಮಯದಲ್ಲೇ ಎತ್ತಿ ನಿಲ್ಲಿಸಬೇಕು. ನಿಯಮ ತಪ್ಪಿದ ನಡೆ ಇಟ್ಟು ಗಡಿಯಾರ ಒತ್ತಿದರೆ ಮೊದಲ ಸಲ ಎದುರಾಳಿಗೆ ಒಂದು ನಿಮಿಷ ಹೆಚ್ಚು ಸಿಗುತ್ತದೆ, ಎರಡನೆಯ ಸಲ ನೀವು ಸೋತಂತೆ. ಇವೆಲ್ಲ ಚಿಕ್ಕ ಚಿಕ್ಕ ನಿಯಮಗಳು ಅನ್ನಿಸಬಹುದು. ಕೊನೆಯ ಹತ್ತು ಸೆಕೆಂಡಿನಲ್ಲಿ ಕೂತವನಿಗೆ ಮಾತ್ರ ಒಂದೊಂದೂ ಜೀವನ್ಮರಣದ ಸಂಗತಿ.

ಈಗ ಆಟಕ್ಕೆ ಬರೋಣ. ಕೊರ್ಚ್‌ನಾಯ್‌ಗೆ ಬಿಳಿ, ಫಿಶರ್‌ಗೆ ಕಪ್ಪು. ಫಿಶರ್ ಆರಿಸಿಕೊಂಡದ್ದು ಕಿಂಗ್ಸ್ ಇಂಡಿಯನ್ ಡಿಫೆನ್ಸ್. ಆ ಹೆಸರಿನಲ್ಲಿರುವ ಇಂಡಿಯನ್ ನಮ್ಮದೇ. 1850ರ ಸುಮಾರಿಗೆ ಕಲ್ಕತ್ತೆಯಲ್ಲಿ ಜಾನ್ ಕೋಕ್ರನ್ ಎಂಬ ಬ್ರಿಟಿಷ್ ಆಟಗಾರನ ಎದುರು ಮಹೇಶ್‌ಚಂದ್ರ ಬ್ಯಾನರ್ಜಿ ಎಂಬ ಬಂಗಾಳಿ ಆಡುತ್ತಿದ್ದ. ನಡುಹಲಗೆಗೆ ಕಾಲಾಳುಗಳನ್ನು ನುಗ್ಗಿಸದೆ, ಒಂಟೆಯನ್ನು ಪಕ್ಕದ ಕಿಂಡಿಯಲ್ಲಿ ಕೂರಿಸಿ ದೂರದಿಂದ ಗುರಿಯಿಡುವುದು ಅವನ ಪದ್ಧತಿ. ಯುರೋಪಿನವರಿಗೆ ಅದು ವಿಚಿತ್ರವಾಗಿ ಕಂಡಿತು, ಇಂಡಿಯನ್ ಎಂಬ ಹೆಸರು ಅಂಟಿಕೊಂಡಿತು.

ಎಂಟನೆಯ ನಡೆಗೆ ಕೊರ್ಚ್‌ನಾಯ್ ನಡುವಿನ ಕಾಲಾಳನ್ನು ಮುಂದೆ ತಳ್ಳಿದ, ಅದರ ಮರುನಡೆಗೆ ಫಿಶರ್ ತನ್ನ ಕಾಲಾಳನ್ನು ಪಕ್ಕದಲ್ಲಿ ತಂದು ನಿಲ್ಲಿಸಿದ. ನಡುಹಲಗೆ ಬೀಗ ಜಡಿದಂತಾಯಿತು. ಇಂಥ ಸ್ಥಿತಿ ಬಂದಾಗ ಇಬ್ಬರಿಗೂ ಕೆಲಸ ಹಂಚಿಹೋಗುತ್ತದೆ. ಬಿಳಿಯವನು ಮಂತ್ರಿಯ ಕಡೆಯಿಂದ ಗೋಡೆ ಕೊರೆಯಬೇಕು, ಕಪ್ಪಿನವನು ರಾಜನ ಕಡೆಯಿಂದ. ಯಾರು ಮೊದಲು ಒಳಹೊಕ್ಕರೆ ಅವರದು ಗೆಲುವು. ಕೊರ್ಚ್‌ನಾಯ್ ಮಂತ್ರಿಯ ಕಡೆಯ ಕಾಲಾಳುಗಳನ್ನು ಒಂದೊಂದಾಗಿ ಮುಂದೂಡಿದ. ಫಿಶರ್ ರಾಜನ ಕಡೆ ಕಾಲಾಳು ಮುಂದೂಡಿದ, ಆನೆಯನ್ನು ಮುಂದಿನ ಸಾಲಿಗೆ ಎತ್ತಿ ತಂದು ಕೊರ್ಚ್‌ನಾಯ್‌ನ ರಾಜನ ಎದುರಿಗೆ ನಿಲ್ಲಿಸಿದ.

ಇಪ್ಪತ್ತೆರಡನೆಯ ನಡೆಯಲ್ಲಿ ನೋಡುವಂಥದ್ದೊಂದು ನಡೆಯಿತು. ಕಪ್ಪು ಕುದುರೆಯೊಂದು ಬಿಳಿರಾಜನ ಹೊಸ್ತಿಲ ಬಳಿ ಬಂದು ನಿಂತಿತ್ತು. ಕೊರ್ಚ್‌ನಾಯ್ ಅಂಚಿನ ಕಾಲಾಳನ್ನು ಒಂದು ಮನೆ ಮುಂದಿಟ್ಟು ಅದನ್ನು ಗದರಿಸಿದ. ಯಾರಾದರೂ ಕುದುರೆಯನ್ನು ಹಿಂದಕ್ಕೆ ಎಳೆದುಕೊಳ್ಳಬೇಕಾದ ಹೊತ್ತು. ಫಿಶರ್ ಅದನ್ನು ಮುಟ್ಟಲೇ ಇಲ್ಲ, ಇನ್ನೊಂದು ಕುದುರೆಯನ್ನು ಮುಂದೆ ತಂದ. ಏಕೆಂದರೆ ಆ ಕಾಲಾಳು ಕುದುರೆಯನ್ನು ಹೊಡೆಯುವಂತಿರಲಿಲ್ಲ. ಅದರ ಹಿಂದೆ ಅದೇ ಸಾಲಿನಲ್ಲಿ ಬಿಳಿರಾಜ, ಮುಂದೆ ಅದೇ ಸಾಲಿನಲ್ಲಿ ಕಪ್ಪು ಆನೆ. ಕಾಲಾಳು ಪಕ್ಕಕ್ಕೆ ಸರಿದರೆ ರಾಜನಿಗೇ ಏಟು. ಅಂದರೆ ಹೊಡೆಯುವುದು ನಿಯಮಕ್ಕೇ ವಿರುದ್ಧ. ಇದನ್ನು ಕಾಣಲು ಫಿಶರ್‌ಗೆ ಸಿಕ್ಕಿದ್ದು ಕೆಲವೇ ಸೆಕೆಂಡು.

ಕೊರ್ಚ್‌ನಾಯ್ ರಾಜನನ್ನು ಒಂದು ಮನೆ ಪಕ್ಕಕ್ಕೆ ಸರಿಸಿ ಬಿಡಿಸಿಕೊಂಡ. ಫಿಶರ್ ಆಗ ಮೊದಲ ಕುದುರೆಯನ್ನು ಹಿಂದಕ್ಕೆ ಕರೆದುಕೊಂಡ. ಮರುನಡೆಯಲ್ಲಿ ಎರಡನೆಯ ಕುದುರೆಯನ್ನು ಮೂಲೆಗೆ ಇಟ್ಟ, ತನ್ನ ರಾಜನ ಮಗ್ಗುಲಿನ ಮನೆಗೆ.

ಯಾಕೆ ಎಂಬುದಕ್ಕೆ ಹಲಗೆಯ ಮುಂದೆ ಕೂತು ಬೆರಳಿಟ್ಟು ಎಣಿಸಬೇಕು. ಆ ಕುದುರೆಗೆ ಹೋಗಬೇಕಾಗಿದ್ದುದು ಸರಿಯಾಗಿ ತನ್ನ ಮುಂದಿನ ಮನೆಗೆ. ಅಲ್ಲಿಂದ ಬಿಳಿರಾಜನ ಕೋಟೆಗೋಡೆಯ ಆ ಅಂಚಿನ ಕಾಲಾಳಿನ ಮೇಲೆ ನೇರ ಕಣ್ಣು. ಆದರೆ ಕುದುರೆ ನೇರ ನಡೆಯುವ ಪ್ರಾಣಿಯಲ್ಲ. ಪಕ್ಕದ ಮನೆಗೆ ಹೋಗಬೇಕಾದರೂ ಅದಕ್ಕೆ ಮೂರು ನೆಗೆತ ಬೇಕು. ಮೂರು ನೆಗೆತದ ದಾರಿಗಳನ್ನು ಹುಡುಕಿ: ಒಂದು ಕಡೆ ತನ್ನದೇ ಕಾಲಾಳು ಅಡ್ಡ ಕೂತಿದೆ, ಇನ್ನೊಂದು ಕಡೆ ಹೋದರೆ ಬಿಳಿ ಕಾಲಾಳು ಹೊಡೆಯುತ್ತದೆ. ಉಳಿಯುವ ದಾರಿ ಮೂಲೆಯ ಮೂಲಕವೇ. ಮೂಲೆ, ಅಲ್ಲಿಂದ ರಾಜನ ಮುಂದಿನ ಸಾಲು, ಅಲ್ಲಿಂದ ಗುರಿ. ಹಾಗಾಗಿ ಹಿಂದಕ್ಕೆ ಹೋದಂತೆ ಕಂಡ ನಡೆಯೇ ಎಲ್ಲಕ್ಕಿಂತ ಹತ್ತಿರದ ದಾರಿಯಾಗಿತ್ತು.

ಕುದುರೆಯ ನಡಿಗೆಯ ಈ ಸೊಗಸು ಕನ್ನಡ ನಾಡಿಗೆ ಹೊಸದೇನಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಚದುರಂಗದ ಕುದುರೆ 64 ಮನೆಗಳನ್ನೂ ಒಂದೊಂದೇ ಸಲ ಮುಟ್ಟಿಬರುವ ಬಂಧಗಳನ್ನು ಕೂತು ಕಟ್ಟಿದವರು. ಕುದುರೆಗೆ ಮೂಲೆ ಎಂದರೆ ಏನು, ಅಲ್ಲಿಗೆ ಹೋಗಿ ಹೊರಬರುವ ಎರಡೇ ದಾರಿಗಳ ಬೆಲೆ ಏನು ಎಂದು ಅವರಿಗಿಂತ ಚೆನ್ನಾಗಿ ಬಲ್ಲವರು ಕಡಿಮೆ.

ಫಿಶರ್‌ನ ಕುದುರೆ 26ನೆಯ ನಡೆಗೆ ಗುರಿ ತಲುಪಿತು. 28ನೆಯ ನಡೆಯಲ್ಲಿ ಆ ಅಂಚಿನ ಕಾಲಾಳನ್ನು ಹೊಡೆದು ತನ್ನನ್ನೇ ಬಲಿಕೊಟ್ಟಿತು. ಕೊರ್ಚ್‌ನಾಯ್ ಕುದುರೆಯನ್ನು ಹೊಡೆದ. ಆಗ ಆಟದ ಮೊದಲಿನಿಂದ ತನ್ನ ಮನೆಯಿಂದ ಅಲುಗದೆ ಕೂತಿದ್ದ ಕಪ್ಪು ಒಂಟೆ ಹಲಗೆಯನ್ನು ಓರೆಯಾಗಿ ಸೀಳಿಕೊಂಡು ಬಂದು ಅದೇ ಮನೆಯಲ್ಲಿ ಹೊಡೆದು ಚೆಕ್ ಕೊಟ್ಟಿತು. ಅದರ ಮೊದಲ ನಡೆಯೇ ಅದು, 29ನೆಯದು. ರಾಜ ಸರಿದ. ಇನ್ನೊಂದು ಕುದುರೆ ಬಂದು ಚೆಕ್ ಕೊಟ್ಟಿತು. ಬಿಳಿ ಒಂಟೆ ಅದನ್ನು ಹೊಡೆಯಿತು, ಕಪ್ಪು ಒಂಟೆ ತಿರುಗಿ ಹೊಡೆದು ಬಿಳಿಮಂತ್ರಿಯ ಮೇಲೆ ಕಣ್ಣಿಟ್ಟಿತು. 31 ನಡೆ. ಕೊರ್ಚ್‌ನಾಯ್ ಆಟ ಬಿಟ್ಟುಕೊಟ್ಟ.

ಲೆಕ್ಕ ಹಾಕಿ ನೋಡಿದರೆ ಬಿಟ್ಟುಕೊಡುವಾಗ ಕೊರ್ಚ್‌ನಾಯ್ ಬಳಿಯೇ ಹೆಚ್ಚು ಸೈನ್ಯ ಇತ್ತು. ಎರಡು ಕಾಲಾಳು ಕಳೆದುಕೊಂಡಿದ್ದಕ್ಕೆ ಪ್ರತಿಯಾಗಿ ಒಂದು ದೊಡ್ಡ ಕಾಯಿ ಮುಂದಿದ್ದ. ಆದರೆ ಅವನ ರಾಜ ಬಯಲಿನಲ್ಲಿ ಬರಿಮೈಯಲ್ಲಿ ನಿಂತಿದ್ದ. ಫಿಶರ್‌ನ ಮಂತ್ರಿ, ಹಲಗೆಯ ಮೇಲಿನ ಅತಿ ಬಲಿಷ್ಠ ಕಾಯಿ, ಆಟವಿಡೀ ಒಂದು ಮನೆಯೂ ಕದಲಿರಲಿಲ್ಲ. ಈಗ ಅದು ಬರುವುದಿತ್ತು. 31 ನಡೆಗಳಲ್ಲಿ 13 ಕುದುರೆಗಳವು. ಮೂಲೆಗೆ ಹೋಗಿ ಬಂದ ಕುದುರೆಯೊಂದೇ ಏಳು ನಡೆ ಸವೆಸಿತ್ತು. ಮಂತ್ರಿಯನ್ನು ಮನೆಯಲ್ಲೇ ಕೂರಿಸಿ ಎರಡು ಕುದುರೆಗಳಿಂದ ಗೆದ್ದ ಈ ಆಟಕ್ಕಿಂತ ಚೆಂದದ ಬ್ಲಿಟ್ಜ್ ಆಟವನ್ನು ನಾನು ನೋಡಿಲ್ಲ.

ಐದು ನಿಮಿಷ ಎಂದರೆ 300 ಸೆಕೆಂಡು. 31 ನಡೆಗೆ ಹಂಚಿದರೆ, ಪೂರ್ತಿ ಬಳಸಿದ್ದರೂ ನಡೆಯೊಂದಕ್ಕೆ ಹತ್ತು ಸೆಕೆಂಡು ಸಿಗುವುದಿಲ್ಲ. ಅಷ್ಟರಲ್ಲಿ ಮನುಷ್ಯ ಏನು ಯೋಚಿಸಬಲ್ಲ? ಹೆಚ್ಚಿಗೆ ಏನೂ ಇಲ್ಲ. ಬ್ಲಿಟ್ಜ್ ಆಟಗಾರ ವೇಗವಾಗಿ ಯೋಚಿಸುತ್ತಾನೆ ಎಂದು ನಾವು ತಿಳಿದಿರುವುದು ಪೂರ್ತಿ ಸರಿಯಲ್ಲ. ಅವನು ಗುರುತು ಹಿಡಿಯುತ್ತಾನೆ. ಸಂತೆಯ ಗದ್ದಲದಲ್ಲಿ ನೂರು ಮುಖಗಳ ನಡುವೆ ಬಾಲ್ಯದ ಗೆಳೆಯನ ಮುಖ ಕಣ್ಣಿಗೆ ಬಿದ್ದರೆ ನಾವು ಯೋಚಿಸುತ್ತೇವೆಯೇ? ಹಾಗೆ.

ಡಚ್ ಮನಃಶಾಸ್ತ್ರಜ್ಞ ಆಡ್ರಿಯಾನ್ ಡಿ ಗ್ರೂಟ್ 1940ರ ದಶಕದಲ್ಲೇ ಇದನ್ನು ತೋರಿಸಿಕೊಟ್ಟ. ಒಂದು ಆಟದ ನಡುವಿನ ಸ್ಥಿತಿಯನ್ನು ಕೆಲವು ಸೆಕೆಂಡು ತೋರಿಸಿ ಮುಚ್ಚಿದರೆ, ದೊಡ್ಡ ಆಟಗಾರರು ಕಾಯಿಗಳನ್ನು ಹೆಚ್ಚುಕಡಿಮೆ ಇದ್ದಂತೆಯೇ ಮತ್ತೆ ಜೋಡಿಸಿಬಿಡುತ್ತಿದ್ದರು. ಸಾಧಾರಣ ಆಟಗಾರರಿಗೆ ಅದು ಆಗುತ್ತಿರಲಿಲ್ಲ. 1973ರಲ್ಲಿ ಅಮೆರಿಕದ ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ ಅದಕ್ಕೊಂದು ತಿರುವು ಕೊಟ್ಟರು. ಕಾಯಿಗಳನ್ನು ಮನಸ್ಸಿಗೆ ಬಂದಂತೆ ಚೆಲ್ಲಾಪಿಲ್ಲಿ ಇಟ್ಟು ತೋರಿಸಿದರು. ದೊಡ್ಡವರ ಮೇಲುಗೈ ಹೆಚ್ಚುಕಡಿಮೆ ಮಾಯವಾಯಿತು. ಅಂದರೆ ಅವರದು ಹುಟ್ಟಿನಿಂದ ಬಂದ ಜ್ಞಾಪಕಶಕ್ತಿಯ ಪವಾಡವಲ್ಲ, ನಿಜವಾದ ಆಟಗಳ ಸಾವಿರಾರು ವಿನ್ಯಾಸಗಳು ತಲೆಯಲ್ಲಿ ಮನೆಮಾಡಿಕೊಂಡಿರುವುದರ ಫಲ. 2004ರಲ್ಲಿ ಬ್ರೂಸ್ ಬರ್ನ್ಸ್ ಎಂಬ ಸಂಶೋಧಕ ಬ್ಲಿಟ್ಜ್ ಟೂರ್ನಿಗಳ ಫಲಿತಾಂಶಗಳನ್ನೇ ತೆಗೆದುಕೊಂಡು ನೋಡಿದ. ಮಾಮೂಲಿ ಆಟದ ಸಮಯದ ಶೇಕಡಾ ಐದಕ್ಕಿಂತಲೂ ಕಡಿಮೆ ಸಮಯ ಸಿಗುವ ಈ ಆಟವೇ ಆಟಗಾರರ ಒಟ್ಟು ಸಾಮರ್ಥ್ಯದ ವ್ಯತ್ಯಾಸದಲ್ಲಿ ಶೇಕಡಾ 81ರವರೆಗಿನ ಪಾಲನ್ನು ವಿವರಿಸುತ್ತಿತ್ತು. ನಿಧಾನದಲ್ಲಿ ಗಟ್ಟಿ ಇರುವವನೇ ಬಹುತೇಕ ವೇಗದಲ್ಲೂ ಗಟ್ಟಿ.

ಹೆರ್ಟ್ಸೆಗ್ ನೋವಿಯ ಬಗ್ಗೆ ಫಿಶರ್‌ನ ಜೀವನಕಥೆ ಬರೆದವರು ತಪ್ಪದೆ ಹೇಳುವ ಒಂದು ಸಂಗತಿಯಿದೆ. ಟೂರ್ನಿ ಮುಗಿದ ಮೇಲೆ ಅವನು ತಾನು ಆಡಿದ 22 ಆಟಗಳ ನಡೆಗಳನ್ನೂ, ಸಾವಿರಕ್ಕೂ ಹೆಚ್ಚು ನಡೆಗಳನ್ನು, ನೆನಪಿನಿಂದಲೇ ಒಪ್ಪಿಸಿದನಂತೆ. ನನಗೆ ಇದರಲ್ಲಿ ಕಾಣುವುದು ಜ್ಞಾಪಕಕ್ಕಿಂತ ಹೆಚ್ಚಾಗಿ ಶ್ರದ್ಧೆ. ಪ್ರತಿ ಆಟವೂ ಅವನಿಗೆ ಅರ್ಥವಾಗಿತ್ತು, ಅರ್ಥವಾದದ್ದು ಉಳಿಯುತ್ತದೆ. ಹದಿಹರೆಯದಲ್ಲೇ ರಷ್ಯನ್ ಭಾಷೆಯ ಚೆಸ್ ಪತ್ರಿಕೆಗಳನ್ನು ಓದಲೆಂದು ಅಷ್ಟು ರಷ್ಯನ್ ಕಲಿತ ಹುಡುಗ ಅವನು. 1958ರಲ್ಲಿ, ಹದಿನೈದರ ವಯಸ್ಸಿನಲ್ಲಿ ಮಾಸ್ಕೋಗೆ ಹೋದಾಗ ಅಲ್ಲಿನ ಚೆಸ್ ಕ್ಲಬ್ಬಿನಲ್ಲಿ ಪೆಟ್ರೋಸಿಯನ್‌ನನ್ನು ಕರೆಸಿ ಅವನ ಜತೆ ಬ್ಲಿಟ್ಜ್ ಆಡಿಸಿದ್ದರು. ಹನ್ನೆರಡು ವರ್ಷದ ನಂತರ ಅದೇ ಪೆಟ್ರೋಸಿಯನ್‌ನನ್ನು ಎರಡಕ್ಕೆರಡು ಸೋಲಿಸಿದ. ನಡುವಿನ ಹನ್ನೆರಡು ವರ್ಷ ಅವನು ಒಬ್ಬನೇ ಕೂತು ಮಾಡಿದ ಅಭ್ಯಾಸವೇ ಆ ಐದು ನಿಮಿಷಗಳಲ್ಲಿ ಖರ್ಚಾದದ್ದು. ಅವನ ಮುಂದಿನ ಬದುಕಿನ ಮಾತುಗಳು, ಯೆಹೂದಿಗಳ ಬಗ್ಗೆ ಕಾರಿದ ದ್ವೇಷ, ಯಾವುದನ್ನೂ ನಾನು ಒಪ್ಪಲಾರೆ. ಅದನ್ನು ಹೇಳದೆ ಅವನ ಆಟವನ್ನು ಮಾತ್ರ ಹೊಗಳಿ ಹೋಗುವುದು ಸರಿಯಲ್ಲ.

ಗಡಿಯಾರದ ಋಣವನ್ನು ಮಾತ್ರ ಫಿಶರ್ ತೀರಿಸಿದ. ಗೆದ್ದ ಆಟವನ್ನು ಬರೀ ಬಾವುಟ ಬಿದ್ದ ಕಾರಣಕ್ಕೆ ಕಳೆದುಕೊಳ್ಳುವುದಕ್ಕೆ ಒಂದು ಪರಿಹಾರ ಯೋಚಿಸಿದ: ಪ್ರತಿ ನಡೆ ಇಟ್ಟಾಗಲೂ ಆಟಗಾರನಿಗೆ ಕೆಲವು ಸೆಕೆಂಡು ಮರಳಿ ಕೊಡುವ ಗಡಿಯಾರ. 1989ರಲ್ಲಿ ಅದಕ್ಕೆ ಅಮೆರಿಕದ ಪೇಟೆಂಟ್ ಸಿಕ್ಕಿತು. 1992ರಲ್ಲಿ ಇಪ್ಪತ್ತು ವರ್ಷಗಳ ಅಜ್ಞಾತವಾಸ ಮುರಿದು ತನ್ನ ಹಳೆಯ ಎದುರಾಳಿ ಬೋರಿಸ್ ಸ್ಪಾಸ್ಕಿ ಎದುರು ಮತ್ತೆ ಆಡಿದಾಗ ಅದೇ ಗಡಿಯಾರ ಬಳಸಿದ. ಆ ಪಂದ್ಯದ ಮೊದಲ ಭಾಗ ನಡೆದದ್ದು ಸ್ವೇತಿ ಸ್ಟೆಫಾನ್‌ನಲ್ಲಿ. ಹೆರ್ಟ್ಸೆಗ್ ನೋವಿ ಇರುವ ಅದೇ ಕಡಲ ದಂಡೆಯಲ್ಲಿ ಸ್ವಲ್ಪ ತೆಂಕಕ್ಕೆ ಹೋದರೆ ಸಿಗುವ ಊರು ಅದು. ಇವತ್ತು ವಿಶ್ವ ಬ್ಲಿಟ್ಜ್ ಚಾಂಪಿಯನ್‌ಷಿಪ್ಪಿನಲ್ಲಿ ಮೂರು ನಿಮಿಷದ ಜತೆ ನಡೆಗೆ ಎರಡು ಸೆಕೆಂಡು ಸಿಗುತ್ತದೆ. ಅರವತ್ತು ನಡೆಯ ಆಟವೆಂದು ಲೆಕ್ಕ ಹಾಕಿದರೆ ಮತ್ತದೇ ಐದು ನಿಮಿಷ.

ವಯಸ್ಸಾದವರಿಗೆ ಬ್ಲಿಟ್ಜ್ ಅಲ್ಲ ಎಂಬ ಮಾತಿದೆ. ಆದರೆ 1988ರಲ್ಲಿ ಕೆನಡಾದ ಸೇಂಟ್ ಜಾನ್‌ನಲ್ಲಿ ಆಗಿನ ವಿಶ್ವ ಚಾಂಪಿಯನ್ ಕಾಸ್ಪರೋವ್, ಮಾಜಿ ಚಾಂಪಿಯನ್ ಕಾರ್ಪೋವ್ ಇಬ್ಬರೂ ಇದ್ದ ವಿಶ್ವ ಬ್ಲಿಟ್ಜ್ ಟೂರ್ನಿಯನ್ನು ಗೆದ್ದವನು 51 ವರ್ಷದ, ಕಾಯಿಲೆಯಿಂದ ಬಳಲಿದ್ದ ತಾಲ್. ನಮ್ಮವರೂ ಈ ಆಟದಲ್ಲಿ ಹಿಂದೆ ಬಿದ್ದವರಲ್ಲ. 2024ರ ಡಿಸೆಂಬರಿನಲ್ಲಿ ನ್ಯೂಯಾರ್ಕ್‌ನಲ್ಲಿ ಚೆನ್ನೈನ ಆರ್. ವೈಶಾಲಿ ಮಹಿಳೆಯರ ವಿಶ್ವ ಬ್ಲಿಟ್ಜ್‌ನಲ್ಲಿ ಕಂಚು ಗೆದ್ದಳು. ಅದೇ ಕೂಟದ ಮುಕ್ತ ವಿಭಾಗದ ಫೈನಲ್‌ನಲ್ಲಿ ಮ್ಯಾಗ್ನಸ್ ಕಾರ್ಲ್‌ಸನ್ ಮತ್ತು ಇಯಾನ್ ನೆಪೊಮ್ನಿಯಾಚಿ 2–2ರಲ್ಲಿ ಸಮನಾಗಿ, ಮುಂದಿನ ಮೂರು ಆಟಗಳೂ ಡ್ರಾ ಆಗಿ, ಕೊನೆಗೆ ಪಟ್ಟವನ್ನೇ ಹಂಚಿಕೊಂಡರು. ಒಬ್ಬನೇ ಗೆಲ್ಲುವವರೆಗೆ ಆಡಿಸಬೇಕಿತ್ತು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಮತ್ತೆ ನಮ್ಮೂರಿನ ಸಭಾಂಗಣಕ್ಕೆ ಬರುತ್ತೇನೆ. ಹೋದ ಮಳೆಗಾಲದ ಒಂದು ಭಾನುವಾರ. ಹನ್ನೊಂದರ ಹುಡುಗಿಯೊಬ್ಬಳು ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರ ಎದುರು ಆಡುತ್ತಿದ್ದಳು. ಅವಳ ಹತ್ತಿರ ಮಂತ್ರಿ ಇತ್ತು, ಅವರ ಹತ್ತಿರ ರಾಜ ಮತ್ತು ಒಂದು ಕಾಲಾಳು. ಗಡಿಯಾರದಲ್ಲಿ ಅವಳಿಗೆ ಉಳಿದದ್ದು ಆರು ಸೆಕೆಂಡು. ಅವಸರದಲ್ಲಿ ಮಂತ್ರಿ ಕೈಜಾರಿ ಉರುಳಿತು. ಎತ್ತಿ ನಿಲ್ಲಿಸುವ ಹೊತ್ತಿಗೆ ಅಂಕಿ ಸೊನ್ನೆಗೆ ಬಂದಿತ್ತು. ಅವಳ ತುಟಿ ನಡುಗಿದ್ದು ನಾನು ನೋಡಿದೆ. ಹೊರಗೆ ಅಪ್ಪ ಬಾಗಿಲಲ್ಲೇ ನಿಂತಿದ್ದರು. “ಗೆದ್ದ ಆಟ ಕಳ್ಕೊಂಡು ಬಂದ್ಯಲ್ಲೇ, ಎಷ್ಟು ಸಲ ಹೇಳಿದೀನಿ ಬೇಗ ಆಡು ಅಂತ” ಎಂದರು. ಹುಡುಗಿ ತಲೆ ಎತ್ತಲಿಲ್ಲ.

ಆಗ ಆ ಹಿರಿಯರು ಹಿಂದಿನಿಂದ ಬಂದು, “ಬಾ ಪುಟ್ಟಿ, ಮುಂದಿನ ಸುತ್ತಿಗೆ ಇನ್ನೂ ಹತ್ತು ನಿಮಿಷ ಇದೆ. ನೀನು ನನ್ನ ಆನೆ ಹೊಡೆದದ್ದು ಹೇಗೆ ಅಂತ ನಂಗೆ ತೋರಿಸು, ನಂಗೆ ಗೊತ್ತೇ ಆಗಲಿಲ್ಲ” ಎಂದರು. ಇಬ್ಬರೂ ಮೂಲೆಯ ಬೆಂಚಿನ ಮೇಲೆ ಹಲಗೆ ಹಾಸಿ ಕೂತರು. ಅವಳು ಒಂದೊಂದೇ ನಡೆ ಹಿಂದಕ್ಕೆ ತಂದಳು. “ಇಲ್ಲಿ ನೀವು ಕಾಲಾಳು ಇಟ್ರಲ್ಲ ತಾತ, ಆಗಲೇ ನಂಗೆ ಕಂಡಿತ್ತು” ಎಂದಳು. ಅಳು ನಿಂತಿತ್ತು. ಗೆದ್ದ ಆಟ ಕೈತಪ್ಪಿದ ಕಾರಣವೂ ಸಿಕ್ಕಿತ್ತು: ಹದಿನೈದನೆಯ ನಡೆಯಲ್ಲಿ ಒಂದು ನಿಮಿಷ ಯೋಚಿಸುತ್ತ ಕೂತಿದ್ದಳು. ಆ ಸ್ಥಿತಿಯನ್ನು ಅವಳು ಹಿಂದೆಂದೂ ಕಂಡಿರಲಿಲ್ಲ. ಅಪ್ಪ ಹೇಳಿದ ಹಾಗೆ ಬೇಗ ಆಡುವುದು ಅವಳಿಂದ ಸಾಧ್ಯವಿರಲಿಲ್ಲ, ಬೇಗ ಆಡಲು ಬೇಕಾದದ್ದು ಅವಳ ಬಳಿ ಇನ್ನೂ ಕೂಡಿರಲಿಲ್ಲ.

ಅಪ್ಪ ಅಮ್ಮಂದಿರ ಪ್ರಶ್ನೆಗೆ ನನ್ನ ಉತ್ತರ ಅಲ್ಲೇ ಆ ಬೆಂಚಿನ ಮೇಲಿತ್ತು. ಬ್ಲಿಟ್ಜ್ ಆಡಲಿ, ಮನಸಾರೆ ಆಡಲಿ. ಅದು ಮಗುವಿನ ಕಣಜದಲ್ಲಿ ಏನಿದೆ, ಏನಿಲ್ಲ ಎಂದು ತೋರಿಸಿಕೊಡುತ್ತದೆ. ಕಣಜ ತುಂಬಿಸುವ ಕೆಲಸ ಮಾತ್ರ ಅದರಿಂದ ಆಗುವುದಿಲ್ಲ. ಮೊಬೈಲಿನಲ್ಲಿ ಒಂದು ಆಟ ಮುಗಿದ ತಕ್ಷಣ ಇನ್ನೊಂದು ಆಟದ ಗುಂಡಿ ಒತ್ತುವ ಮಗುವಿಗೆ ಸೋತ ಆಟ ಕಲಿಸಬೇಕಾದ್ದು ಕಲಿಸದೆಯೇ ಹೋಗಿಬಿಡುತ್ತದೆ. ಮೂರು ಆಟ ಆಡಿದರೆ ಒಂದನ್ನಾದರೂ ಹಲಗೆಯ ಮೇಲೆ ಮತ್ತೆ ಜೋಡಿಸಿ ನೋಡಲಿ. ಯಾರ ಎದುರು ಸೋತರೋ ಅವರೇ ಜತೆಗೆ ಕೂತರೆ ಇನ್ನೂ ಒಳ್ಳೆಯದು.

ಅಪ್ಪ ಅಮ್ಮಂದಿರಲ್ಲಿ ನನ್ನದೊಂದು ಕೋರಿಕೆ. ಈ ಭಾನುವಾರ ಸಂಜೆ ಮನೆಯಲ್ಲಿ ಹಲಗೆ ಹಾಸಿ, 1970ರ ಹೆರ್ಟ್ಸೆಗ್ ನೋವಿಯ ಕೊರ್ಚ್‌ನಾಯ್–ಫಿಶರ್ ಆಟವನ್ನು ಹುಡುಕಿ, 24ನೆಯ ನಡೆಯಲ್ಲಿ ಬಿಳಿಯವನು ಆಡಿದ ಮೇಲಿನ ಸ್ಥಿತಿಗೆ ಕಾಯಿಗಳನ್ನು ಜೋಡಿಸಿ. ಗಡಿಯಾರ ಬೇಡ. ಮೂಲೆಗೆ ಹೋಗಲಿರುವ ಕಪ್ಪು ಕುದುರೆಯನ್ನು ತೋರಿಸಿ, ಈ ಕುದುರೆ ಅದರ ಮುಂದಿನ ಮನೆಗೆ ಹೋಗಬೇಕು, ಹೇಗೆ ಹೋಗುತ್ತೆ ಎಂದು ಮಗುವನ್ನು ಕೇಳಿ. ಮೂಲೆಯ ಮಾತೆತ್ತಬೇಡಿ. ಅರ್ಧ ಗಂಟೆಯಾದರೂ ಆಗಲಿ, ಆ ದಾರಿಯನ್ನು ಅದೇ ಕಂಡುಕೊಳ್ಳಲಿ.